ಐನೂರರ ಪೆಟ್ರೋಲ್ ಹಾಕಿಸಿ ಮೈಲೇಜ್ ಅಳೆಯಬೇಡಿ

ನಮ್ಮ ಕಲಬುರಗಿಯಲ್ಲಿ ಹೊಸ ಕಾರು ಕಂಡರೆ ಮೊದಲ ಪ್ರಶ್ನೆ, ‘ಆವರೇಜ್ ಎಷ್ಟ್ ಕೊಡ್ತದ್ರಿ?’ ನನ್ನ ತಮ್ಮ ಕೂಡಲೇ ‘20’ ಅಂತಾನೆ. ಅಳೆದದ್ದು ಹೇಗೆ? ರಿಸರ್ವ್ ಲೈಟ್ ಹತ್ತಿದಾಗ ಐನೂರು ರೂಪಾಯಿ ಪೆಟ್ರೋಲ್, ಮತ್ತೆ ಲೈಟ್ ಹತ್ತುವವರೆಗೆ ಓಟ. ಆ ಲೈಟನ್ನು ನಂಬಬೇಡಿ. ಗಾಡಿ ಇಳಿಜಾರಿನಲ್ಲಿದ್ದರೂ ಅದು ಮೊದಲೇ ಹತ್ತಬಹುದು.

ಟ್ಯಾಂಕ್ ಫುಲ್ ಮಾಡಿಸಿ. ಗನ್ ತಾನೇ ಕಟ್ ಆದ ತಕ್ಷಣ ನಿಲ್ಲಿಸಬೇಕು. ಬಂಕಿನ ಹುಡುಗ ಮೊತ್ತ ರೌಂಡ್ ಮಾಡೋಕೆ ಇನ್ನೆರಡು ಸಲ ಒತ್ತುತ್ತಾನೆ, ‘ಸಾಕಪ್ಪಾ’ ಅನ್ನಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಟ್ಯಾಂಕ್ ಮುಕ್ಕಾಲು ಖಾಲಿಯಾದ ಮೇಲೆ ಅದೇ ಬಂಕಿಗೆ, ಅದೇ ಪಂಪಿಗೆ ಬಂದು ಮತ್ತೆ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಈ ಎರಡನೇ ಬಿಲ್ಲಿನ ಲೀಟರಿನಿಂದ ಭಾಗಿಸಿ.

ಹೀಗೆ ಮಾಡಿದರೂ ಗನ್ ಒಮ್ಮೆ ಬೇಗ, ಒಮ್ಮೆ ತಡವಾಗಿ ಕಟ್ ಆಗುತ್ತದೆ. ಒಂದು ಲೀಟರ್ ಹೆಚ್ಚುಕಮ್ಮಿ ಆಯ್ತು ಅನ್ನಿ. 400 ಕಿ.ಮೀ.ಗೆ 25 ಲೀಟರ್ ಅಂದರೆ 16. 24 ಲೀಟರ್ ಹಿಡಿದರೆ 16.7. ದೊಡ್ಡ ಫರಕೇನಲ್ಲ. ಅದೇ 80 ಕಿ.ಮೀ.ಗೆ 5 ಲೀಟರ್ ಇದ್ದದ್ದು 4 ಆದರೆ 16 ಹೋಗಿ 20! ತಮ್ಮನ 20 ಎಲ್ಲಿಂದ ಬಂತು ಗೊತ್ತಾಯ್ತಲ್ವಾ?

ಕಿಲೋಮೀಟರಿನಲ್ಲೂ ತಪ್ಪಿರುತ್ತದೆ. ಟೈರ್ ಸವೆದರೆ ಸುತ್ತಳತೆ ಕಡಿಮೆಯಾಗಿ ಮೀಟರ್ ಜಾಸ್ತಿ ತೋರಿಸುತ್ತದೆ. ಸಣ್ಣ ಕಾರಿನ ಟೈರ್ 6 ಮಿ.ಮೀ. ಸವೆದರೆ ಸುಮಾರು 2% ವ್ಯತ್ಯಾಸ. ಹುಮನಾಬಾದ್ ರಸ್ತೆಯ ಕಿಲೋಮೀಟರ್ ಕಲ್ಲುಗಳ ಜೊತೆಗೋ ಫೋನಿನ ಜಿಪಿಎಸ್ ಜೊತೆಗೋ ಒಮ್ಮೆ ತಾಳೆ ನೋಡಿ.

ಬೆಳಿಗ್ಗೆ ತಂಪಿನಲ್ಲಿ ಹಾಕಿಸಿದರೆ ಪೆಟ್ರೋಲ್ ಜಾಸ್ತಿ ಸಿಗುತ್ತದೆ ಅನ್ನೋದನ್ನು ನಾನು ತಲೆಗೆ ಹಾಕಿಕೊಳ್ಳಲ್ಲ. ಬಂಕಿನ ಟ್ಯಾಂಕ್ ನೆಲದಡಿ ಇರುತ್ತದೆ, ಅಲ್ಲಿ ಒಂದೇ ದಿನದಲ್ಲಿ ಬಿಸಿ ಅಷ್ಟೇನೂ ಬದಲಾಗಲ್ಲ. ನಮ್ಮ ಮೇ ತಿಂಗಳಲ್ಲಿ ಲೆಕ್ಕ ಕೆಡಿಸೋದು ಎಸಿ. ಮನೆಯವರು ಅಂಗಡಿಯಿಂದ ಬರೋವರೆಗೆ ಎಂಜಿನ್ ಓಡಿಸಿಕೊಂಡು ಕೂತರೆ ಕಿಲೋಮೀಟರ್ ಸೊನ್ನೆ, ಪೆಟ್ರೋಲ್ ಮಾತ್ರ ಖಾಲಿ.

ಕಂಪನಿಯವರು ಹೇಳುವ ಅಂಕಿ ಲ್ಯಾಬಿನಲ್ಲಿ, ರೋಲರ್ ಮೇಲೆ ಗಾಡಿ ಓಡಿಸಿ ತೆಗೆದದ್ದು. ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾದ ಟ್ರಾಫಿಕ್ಕಿನಲ್ಲಿ ಅದು ಸಿಗಲಿಲ್ಲ ಅಂತ ಸುಮ್ನೆ ಮೆಕ್ಯಾನಿಕ್ ಹತ್ತಿರ ಓಡಬೇಡಿ. ಇಥೆನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಹಾಗಾಗಿ ಇ20, ಅಂದರೆ 20% ಇಥೆನಾಲ್ ಬೆರೆಸಿದ ಪೆಟ್ರೋಲ್, ಬಂದ ಮೇಲಿನ ಲೆಕ್ಕವನ್ನು ಹಳೆಯದರ ಜೊತೆ ಹೋಲಿಸುವಾಗಲೂ ಇದು ನೆನಪಿರಲಿ.

ಊರೊಳಗಿನ ಲೆಕ್ಕ, ಹೈವೇ ಲೆಕ್ಕ ಬೇರೆ ಬೇರೆ ಬರೆದಿಡಿ. ಎರಡನ್ನೂ ಸೇರಿಸುವಾಗ 14 ಮತ್ತು 18 ಕೂಡಿಸಿ ಅರ್ಧ ಮಾಡಬೇಡಿ. ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ.