ಮೂರು ಸಾಲಿನ ಚುಟುಕು ಲೇಖನ ಅಳಿಸಿಹೋಗದಂತೆ ಉಳಿಸಿಕೊಂಡದ್ದು

ಕನ್ನಡ ವಿಕಿಪೀಡಿಯಕ್ಕೆ ನಾನು ಹಾಕಿದ ಚುಟುಕು ಲೇಖನಕ್ಕೆ ಅಳಿಸುವ ಟೆಂಪ್ಲೇಟು, ಅಂದರೆ ಇದನ್ನು ಅಳಿಸಬೇಕೆಂಬ ಸೂಚನಾಪಟ್ಟಿ, ಬಿತ್ತು. ಇದ್ದದ್ದು ಮೂರು ಸಾಲು, ಅದರಲ್ಲಿ ಎರಡು ಬರೀ ಹೊಗಳಿಕೆ, ಉಲ್ಲೇಖ ಒಂದೂ ಇಲ್ಲ. ಚಿಕ್ಕದಾದದ್ದು ತಪ್ಪಲ್ಲ, ಪರಿಶೀಲಿಸಲು ಏನೂ ಇಲ್ಲದ್ದು ತಪ್ಪು.

ಮೊದಲ ವಾಕ್ಯವನ್ನೇ ಬದಲಿಸಿದೆ. ಏನು, ಎಲ್ಲಿ, ಯಾಕೆ ಹೆಸರುವಾಸಿ, ಮೂರೂ ಅಲ್ಲೇ ಬರಬೇಕು. ಲಕ್ಕುಂಡಿಯನ್ನೇ ತೆಗೆದುಕೊಳ್ಳಿ. ‘ಲಕ್ಕುಂಡಿ ಐತಿಹಾಸಿಕ ಸೊಬಗಿನ ರಮ್ಯ ತಾಣ’ ಎಂದರೆ ಏನೂ ಹೇಳಿದಂತಾಗದು. ‘ಲಕ್ಕುಂಡಿ ಗದಗ ಜಿಲ್ಲೆಯ ಗ್ರಾಮ, ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳಿಗೆ ಹೆಸರಾಗಿದೆ’ ಎಂದರೆ ಲೇಖನಕ್ಕೆ ಕಾಲು ಬಂತು. ಆಮೇಲೆ ಕಾಶಿವಿಶ್ವೇಶ್ವರ ಗುಡಿ, ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಒಂದೊಂದಕ್ಕೆ ಒಂದು ವಾಕ್ಯ ಸಾಕು.

ಉಲ್ಲೇಖಗಳನ್ನು ಕೊನೆಗೆ ರಾಶಿ ಹಾಕಬೇಡಿ. ಯಾವ ವಾಕ್ಯಕ್ಕೆ ಆಧಾರವೋ ಅದರ ಪೂರ್ಣವಿರಾಮದ ಬೆನ್ನಿಗೇ ರೆಫ್ ಟ್ಯಾಗ್ (ಆಕರವನ್ನು ಅಡಿಟಿಪ್ಪಣಿಯಾಗಿಸುವ ಗುರುತು) ಬರಬೇಕು. ಪುಸ್ತಕವಾದರೆ ಪುಟಸಂಖ್ಯೆ ಕಡ್ಡಾಯ, ಇಲ್ಲದಿದ್ದರೆ 400 ಪುಟ ಯಾರು ತಿರುವಿಹಾಕುತ್ತಾರೆ? ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಕರಗಳಿದ್ದರೆ ಒಳ್ಳೆಯದು. ಪುಸ್ತಕದ ವಾಕ್ಯವನ್ನು ಹಾಗೇ ಇಳಿಸಿದರೆ ಮಾತ್ರ ಉಲ್ಲೇಖ ಕೊಟ್ಟರೂ ಕೃತಿಸ್ವಾಮ್ಯದ ತಕರಾರು ಬರುತ್ತದೆ.

ಉಳಿದದ್ದು ಹತ್ತು ನಿಮಿಷದ ಕೆಲಸ. ಗದಗ, ಅತ್ತಿಮಬ್ಬೆ ಲೇಖನಗಳಿಂದ ಲಕ್ಕುಂಡಿ ಲೇಖನಕ್ಕೆ ಕೊಂಡಿ, ಈಗಾಗಲೇ ಇರುವ ಒಂದು ವರ್ಗಕ್ಕೆ ಸೇರ್ಪಡೆ, ಬೇರೆ ಭಾಷೆಗಳ ಲೇಖನಗಳೊಂದಿಗೆ ಬೆಸೆಯುವ ವಿಕಿಡೇಟಾ ಜೋಡಣೆ. ಹಳೆಯ ಹೆಸರು ಲೊಕ್ಕಿಗುಂಡಿ ಎಂದು ಹುಡುಕಿದರೂ ಇದೇ ಲೇಖನಕ್ಕೆ ತರುವ ಪುನರ್ನಿರ್ದೇಶನವೂ ಬೇಕು, ಶಾಸನ ಓದುವವರು ಹುಡುಕುವುದು ಆ ಹೆಸರನ್ನೇ. ಟೆಂಪ್ಲೇಟನ್ನು ಮಾತ್ರ ನಾವೇ ಕಿತ್ತುಹಾಕದೆ, ಏನೇನು ಸೇರಿಸಿದೆ ಎಂದು ಚರ್ಚೆಪುಟದಲ್ಲಿ ಬರೆಯುವುದು ಮೇಲು.