ಹಳೇ ಪಿಎಸ್‌2 ಕೊಳ್ಳುತ್ತೀರಾ? ಮೊದಲು ಅದರ ನಂಬರ್ ಓದಿ

ಬೆಳಗಾವಿಯಲ್ಲಿ ಹಳೇ ಪ್ಲೇಸ್ಟೇಷನ್ 2, ಅಂದರೆ ಪಿಎಸ್‌2 ಎಂಬ ಸೋನಿಯ ವಿಡಿಯೊ ಗೇಮ್ ಯಂತ್ರ, ಹುಡುಕುವುದು ಕಷ್ಟದ ಕೆಲಸವೇನಲ್ಲ. ಖಡೇ ಬಜಾರ್, ಮಾರುತಿ ಗಲ್ಲಿ ಕಡೆಯ ರಿಪೇರಿ ಅಂಗಡಿಗಳಲ್ಲಿ ವಿಚಾರಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಸಿಗುತ್ತದೆ. ಕ್ಯಾಂಪ್‌ನಿಂದ ವರ್ಗವಾಗಿ ಹೋದ ಮಿಲಿಟರಿ ಕುಟುಂಬದವರು ಮಾರಿದ್ದು, ಗಲ್ಫ್‌ನಿಂದ ಯಾರೋ ತಂದದ್ದು, ಗೋವಾ ಕಡೆಯಿಂದ ಬಂದದ್ದು, ಹೀಗೆ ಒಂದೊಂದರ ಮೂಲ ಒಂದೊಂದು. ಮಾರುವವರು ಮಾತ್ರ ಎಲ್ಲಕ್ಕೂ ಒಂದೇ ಮಾತು ಹೇಳುತ್ತಾರೆ: "ಪಿಎಸ್ ಟೂ ಐತ್ರಿ, ಚಲೋ ಓಡತೈತಿ."

ಓಡುತ್ತಿರಬಹುದು. ಆದರೆ ಯಾವ ಪಿಎಸ್‌2? ಜಪಾನಿನಲ್ಲಿ 2000ದ ಮಾರ್ಚ್ 4ರಂದು ಬಂದ ಈ ಯಂತ್ರದ ತಯಾರಿಕೆ ನಿಂತದ್ದು 2013ರ ಜನವರಿ ಹೊತ್ತಿಗೆ. ಅಷ್ಟರಲ್ಲಿ ಸುಮಾರು 16 ಕೋಟಿ ಮಾರಾಟವಾಗಿತ್ತು. ಇಷ್ಟು ಮಾರಾಟವಾದ ಮನೆ ವಿಡಿಯೊ ಗೇಮ್ ಯಂತ್ರ ಬೇರೊಂದಿಲ್ಲ. ಆ ಹದಿಮೂರು ವರ್ಷದಲ್ಲಿ ಸೋನಿ ಕಂಪನಿ ಇದರ ಹೊಟ್ಟೆಯೊಳಗಿನ ಸಾಮಾನನ್ನು ಮತ್ತೆ ಮತ್ತೆ ಬದಲಿಸಿತು. ಹಾಗಾಗಿ ಬೆಲೆ ಕೇಳುವ ಮೊದಲು ನಂಬರ್ ಓದಬೇಕು. ಮೇಲಿನ ಹೊಳಪು ನೋಡಿ ಕೊಂಡರೆ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಹೊರಗಿನಿಂದ ಪ್ಲೇಸ್ಟೇಷನ್ ಥರವೇ ಕಾಣುವ, ಒಳಗೆ ಹಳೇ ಕಾರ್ಟ್ರಿಜ್ ಆಟಗಳಷ್ಟೇ ಇರುವ ಯಂತ್ರಗಳೂ ಬಜಾರದಲ್ಲಿ ಓಡಾಡುತ್ತವೆ. ಮುಚ್ಚಳ ತೆಗೆದಾಗ ಡಿಸ್ಕ್ ಕೂರುವ ಜಾಗದ ಬದಲು ಕಾರ್ಟ್ರಿಜ್ ಚುಚ್ಚುವ ಸಂದು ಕಂಡರೆ ಅಲ್ಲಿಂದ ಎದ್ದು ಬನ್ನಿ.

ನಂಬರ್ ಓದುವ ಬಗೆ

"ಅಣ್ಣಾರ, ಒಮ್ಮೆ ತಿರುವಿ ನೋಡ್ಲಿ?" ಎಂದು ಕೇಳಿ. ಯಾರೂ ಬೇಡ ಅನ್ನುವುದಿಲ್ಲ. ಸೆಟ್‌ನ ಹಿಂಬದಿ ಅಥವಾ ತಳದಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಎಸ್‌ಸಿಪಿಎಚ್ ಎಂಬ ಅಕ್ಷರ, ಆಮೇಲೆ ಐದು ಅಂಕಿ. ಉದಾಹರಣೆಗೆ ಎಸ್‌ಸಿಪಿಎಚ್-50004. ಮೊದಲ ಎರಡು ಅಂಕಿ ಯಾವ ತಲೆಮಾರಿನ ಸೆಟ್ ಎಂದು ಹೇಳುತ್ತವೆ. ಕೊನೆಯ ಅಂಕಿ ಯಾವ ದೇಶಕ್ಕಾಗಿ ಮಾಡಿದ್ದು ಎಂದು ಹೇಳುತ್ತದೆ. ಅಂಕಿಗಳಾದ ಮೇಲೆ ಸಿಬಿ ಎಂದಿದ್ದರೆ ಕಪ್ಪು ಬಣ್ಣ, ಎಸ್‌ಎಸ್ ಎಂದಿದ್ದರೆ ಬೆಳ್ಳಿ ಬಣ್ಣ.

ಮೊದಲು ಕೊನೆಯ ಅಂಕಿ ನೋಡಿ, ಯಾಕೆಂದರೆ ದುಡ್ಡು ಹಾಳಾಗುವುದು ಅಲ್ಲೇ. 0 ಜಪಾನ್, 1 ಅಮೆರಿಕ, 2 ಆಸ್ಟ್ರೇಲಿಯಾ, 3 ಬ್ರಿಟನ್, 4 ಯುರೋಪ್, 5 ಕೊರಿಯಾ, 6 ಹಾಂಗ್‌ಕಾಂಗ್ ಮತ್ತು ಸಿಂಗಪುರ, 7 ತೈವಾನ್, 8 ರಷ್ಯಾ. ಇವುಗಳಲ್ಲಿ 2, 3, 4, 8 ಪಾಲ್ ಸೆಟ್‌ಗಳು. ಉಳಿದವು ಎನ್‌ಟಿಎಸ್‌ಸಿ. ಇವೆರಡೂ ಟಿವಿ ಚಿತ್ರದ ಬೇರೆ ಬೇರೆ ಪದ್ಧತಿಗಳು. ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಿದ ಆಟಗಳು ಪಾಲ್ ಬಗೆಯವು. ಡಿಸ್ಕ್‌ಗೂ ಸೆಟ್‌ಗೂ ವಲಯ, ಅಂದರೆ ಯಾವ ದೇಶಗಳಿಗೆಂದು ಮಾಡಿದ್ದು ಎಂಬುದು, ಹೊಂದದಿದ್ದರೆ ಆಟ ಶುರುವೇ ಆಗುವುದಿಲ್ಲ, ಕೆಂಪು ಪರದೆ ಬಂದು ನಿಲ್ಲುತ್ತದೆ. ಅಮೆರಿಕದ ಅಕ್ಕನ ಮನೆಯಿಂದ ಬಂದ ಸೆಟ್‌ಗೆ ಇಲ್ಲಿನ ಡಿಸ್ಕ್ ಹಾಕಿ "ಲೇಸರ್ ಹೋಗೇತಿ" ಎಂದು ಮೂಲೆಗೆ ಸೇರಿಸಿದವರು ಇದ್ದಾರೆ. ಡಿಸ್ಕ್ ಓದುವ ಆ ಲೇಸರ್‌ಗೆ ಏನೂ ಆಗಿರುವುದಿಲ್ಲ.

ಕರೆಂಟಿನ ವಿಷಯ ಇದಕ್ಕಿಂತ ಮುಖ್ಯ. ಜಪಾನ್ ಮತ್ತು ಅಮೆರಿಕದ ದಪ್ಪ ಸೆಟ್‌ಗಳು (ಹಳೇ ಮಾದರಿಯವು) 100ರಿಂದ 120 ವೋಲ್ಟ್‌ನವು. ನಮ್ಮ ಮನೆಯದ್ದು 230. ನೇರವಾಗಿ ಪ್ಲಗ್ ಚುಚ್ಚಿದರೆ ಒಳಗಿನ ಪವರ್ ಸಪ್ಲೈ ಸುಡುತ್ತದೆ, ವೋಲ್ಟ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ತೆಳು ಸೆಟ್‌ಗೆ ಹೊರಗೆ ಅಡಾಪ್ಟರ್ ಇದ್ದರೆ ಅದರ ಮೇಲೆ "ಇನ್‌ಪುಟ್" ಎಂದು ಬರೆದಿರುವ ವೋಲ್ಟ್ ಓದಿ.

ದಪ್ಪನೆಯದೋ, ತೆಳ್ಳನೆಯದೋ?

ಮೊದಲ ಎರಡು ಅಂಕಿ 10ರಿಂದ 50ರವರೆಗೆ ಇದ್ದರೆ ದಪ್ಪ ಸೆಟ್. 70ರಿಂದ ಮೇಲೆ ತೆಳು ಸೆಟ್, ಅಂದರೆ ಸ್ಲಿಮ್.

10, 15, 18 ಎಂದು ಶುರುವಾಗುವವು ಜಪಾನಿನ ಮೊದಮೊದಲ ಸೆಟ್‌ಗಳು. ಇಲ್ಲಿ ಸಿಗುವುದು ಅಪರೂಪ, ಸಂಗ್ರಹ ಮಾಡುವವರಿಗೆ ಬಿಡಿ. 30 ಮತ್ತು 39ರ ಸೆಟ್‌ಗಳು ಗಟ್ಟಿ ಮಾಲು. ಹಿಂದೆ ಹಾರ್ಡ್ ಡಿಸ್ಕ್ ಕೂರಿಸುವ ದೊಡ್ಡ ಖಾಲಿ ಜಾಗ ಇದೆ. ನೆಟ್‌ವರ್ಕ್ ಅಡಾಪ್ಟರ್ (ಇಂಟರ್ನೆಟ್ ಜೋಡಿಸುವ ಬಿಡಿಭಾಗ) ಹಾಕಿದರೆ 3.5 ಇಂಚಿನ ಹಾರ್ಡ್ ಡಿಸ್ಕ್ ಅದರೊಳಗೆ ಕೂರುತ್ತದೆ.

ದಪ್ಪ ಸೆಟ್‌ಗಳಲ್ಲಿ ನನ್ನ ಓಟು 50ಕ್ಕೆ. ಮುಂದೆ ಇದ್ದ, ಬೇರೆ ಯಂತ್ರ ಜೋಡಿಸುವ ಐ.ಲಿಂಕ್ ಎಂಬ ಸಂದನ್ನು ಇದರಲ್ಲಿ ತೆಗೆದಿದ್ದಾರೆ. ಅದು ಇಲ್ಲದಿದ್ದರೆ ನಮಗೇನೂ ನಷ್ಟವಿಲ್ಲ. ಬದಲಿಗೆ ಫ್ಯಾನಿನ ಸದ್ದು ಕಡಿಮೆಯಾಯಿತು, ರಿಮೋಟ್‌ಗೆ ಬೇಕಾದ ಕಣ್ಣು ಸೆಟ್‌ನೊಳಗೇ ಬಂತು, ಮನೆಯಲ್ಲಿ ಬರೆದ ಡಿವಿಡಿಯ ಚಿತ್ರಗಳೂ ಓಡತೊಡಗಿದವು. ಹಾರ್ಡ್ ಡಿಸ್ಕ್ ಜಾಗವಂತೂ ಉಳಿದೇ ಇತ್ತು. ಮನೆಯಲ್ಲಿ ಒಂದೇ ಕಡೆ ಇಟ್ಟು ವರ್ಷಗಟ್ಟಲೆ ಆಡುವವರು 50004 ಕಂಡರೆ ಬಿಡಬೇಡಿ.

ದಪ್ಪ ಸೆಟ್‌ನಲ್ಲಿ ನನಗೆ ತುಂಬಾ ಹಿಡಿಸುವ ಒಂದು ಸಣ್ಣ ಸಂಗತಿ ಇದೆ. ಡಿಸ್ಕ್ ಟ್ರೇ ಮುಂದಿರುವ ಪುಟ್ಟ ಬಣ್ಣದ ಪಿಎಸ್ ಗುರುತನ್ನು ಬೆರಳಿನಿಂದ ತಿರುಗಿಸಬಹುದು. ಸೆಟ್ ಮಲಗಿಸಿದರೆ ಒಂದು ಕಡೆ, ನಿಲ್ಲಿಸಿದರೆ ಇನ್ನೊಂದು ಕಡೆ. ಗುರುತು ಯಾವಾಗಲೂ ನೆಟ್ಟಗೆ ಕಾಣಲಿ ಎಂದು ಮಾಡಿದ್ದು. ಅದನ್ನು ತಿರುಗಿಸಿ ನೋಡಿ, ಸಲೀಸಾಗಿ ತಿರುಗಬೇಕು. ಅಂಟಿಕೊಂಡಿದ್ದರೆ ಅಲ್ಲಿ ಏನೋ ಚೆಲ್ಲಿದೆ ಎಂದರ್ಥ. ಹಾಗಿದ್ದರೆ ಟ್ರೇ ಒಳಗೂ ಹೋಗಿರಬಹುದು.

ಸ್ಲಿಮ್ ಬಂದದ್ದು 2004ರಲ್ಲಿ, 70ರ ಸರಣಿಯಿಂದ. 28 ಮಿಲಿಮೀಟರ್ ದಪ್ಪ, 900 ಗ್ರಾಂ ತೂಕ. ಹಾರ್ಡ್ ಡಿಸ್ಕ್ ಜಾಗ ಹೋಯಿತು, ನೆಟ್‌ವರ್ಕ್ ಪೋರ್ಟ್ ಒಳಗೇ ಬಂತು, ಟ್ರೇ ಬದಲು ಮೇಲೆ ಮುಚ್ಚಳ. ಪವರ್ ಸಪ್ಲೈ ಹೊರಗೆ ಬಂದು 8.5 ವೋಲ್ಟ್‌ನ ಅಡಾಪ್ಟರ್ ಆಯಿತು. ಇಲ್ಲಿ ಒಂದು ಮಾತು ನೆನಪಿಡಿ. 2004ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ತಯಾರಾದ ಅಡಾಪ್ಟರ್‌ಗಳು ವಿಪರೀತ ಬಿಸಿಯಾಗಬಹುದೆಂದು ಸೋನಿಯೇ 2005ರಲ್ಲಿ ಅವುಗಳನ್ನು ಬದಲಿಸಿಕೊಡಲು ಮುಂದಾಯಿತು. ಹಾಗಾಗಿ 70ರ ಸೆಟ್ ಕೊಂಡರೆ ಅಡಾಪ್ಟರ್ ಮೇಲಿನ ತಯಾರಿಕೆಯ ತಿಂಗಳು ನೋಡಿ. ಬಜಾರದ ಯಾವುದೋ 9 ವೋಲ್ಟ್ ಅಡಾಪ್ಟರ್ ಅದರ ಬಾಯಿಗೆ ಕೂರುತ್ತದೆ ಎಂದು ಚುಚ್ಚಬೇಡಿ.

75ರಿಂದ ಮುಂದಕ್ಕೆ ಒಳಗಿನ ಲೆಕ್ಕವೇ ಬದಲಾಯಿತು. ಅದಕ್ಕೆ ಮುಂಚೆ ಹಳೇ ಪಿಎಸ್‌1, ಅಂದರೆ ಮೊದಲ ಪ್ಲೇಸ್ಟೇಷನ್, ಆಟಗಳಿಗೆಂದೇ ಪಿಎಸ್‌1ರ ಚಿಪ್ ಒಳಗಿರುತ್ತಿತ್ತು. 75ರಲ್ಲಿ ಅದನ್ನು ತೆಗೆದು ಬೇರೆ ಚಿಪ್ ಹಾಕಿ, ಹಳೆಯದರ ಕೆಲಸವನ್ನು ಅದರಿಂದ ಮಾಡಿಸಿದರು. ಬಹುತೇಕ ಆಟಗಳು ಓಡುತ್ತವೆ, ಕೆಲವು ತಕರಾರು ಮಾಡುತ್ತವೆ. ನಿಮ್ಮ ಬಳಿ ಪಿಎಸ್‌1 ಡಿಸ್ಕ್‌ಗಳ ಗಂಟೇ ಇದ್ದರೆ 70 ಅಥವಾ ಅದಕ್ಕಿಂತ ಹಿಂದಿನದೇ ಒಳ್ಳೆಯದು. 77 ಸುಮ್ನೆ ಮಧ್ಯದ್ದು. 79 ಬಹಳ ಹಗುರ, 600 ಗ್ರಾಂ ಅಷ್ಟೇ. ಕೊನೆಯದು 90. ಅದರಲ್ಲಿ ಪವರ್ ಸಪ್ಲೈ ಮತ್ತೆ ಒಳಗೆ ಹೋಯಿತು, ತೂಕ 720 ಗ್ರಾಂ ಆಯಿತು. ಅಡಾಪ್ಟರ್ ಕಳೆದುಹೋಗುವ ಚಿಂತೆ ಇಲ್ಲ, ಒಂದು ಸಾದಾ ವೈರ್ ಸಾಕು. ಮಕ್ಕಳಿರುವ ಮನೆಗೆ, ರಜೆಯಲ್ಲಿ ಅಜ್ಜಿ ಊರಿಗೆ ಒಯ್ಯುವವರಿಗೆ 90 ಸರಿ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ

ಮನೆಗೆ ತಂದಮೇಲೆ ನೋಡೋಣ ಎನ್ನಬೇಡಿ. ಹೋಗುವಾಗಲೇ ಮೂರು ಡಿಸ್ಕ್ ಒಯ್ಯಿರಿ. ಒಂದು ಪಿಎಸ್‌1ರದ್ದು, ಅದರ ತಳ ಕಪ್ಪು. ಇನ್ನೊಂದು ಪಿಎಸ್‌2ರ ಸಿಡಿ, ಅದರ ತಳ ನೀಲಿ. ಮತ್ತೊಂದು ಪಿಎಸ್‌2ರ ಡಿವಿಡಿ, ತಳ ಬೆಳ್ಳಿ. ಮೂರನ್ನೂ ಹಾಕಿ ಆಟ ಶುರುವಾಗುವವರೆಗೆ ಕಾಯಿರಿ. ಸಿಡಿ ಓದುವ ಬೆಳಕು ಬೇರೆ, ಡಿವಿಡಿ ಓದುವ ಬೆಳಕು ಬೇರೆ. ಒಂದು ಸೋತರೂ ಇನ್ನೊಂದು ಕೆಲಸ ಮಾಡುತ್ತಿರಬಹುದು. ಮಾರುವವರು ನೀಲಿ ಡಿಸ್ಕ್ ಹಾಕಿ ತೋರಿಸಿದರೆ ಡಿವಿಡಿಯ ಗತಿ ನಿಮಗೆ ಗೊತ್ತಾಗುವುದಿಲ್ಲ. ಎರಡು ಪದರದ ಡಿವಿಡಿ ಸಿಕ್ಕರೆ ಇನ್ನೂ ಚಲೋ. ಗ್ರ್ಯಾನ್ ಟುರಿಸ್ಮೊ 4, ಗಾಡ್ ಆಫ್ ವಾರ್ 2 ಅಂಥವು. ದುರ್ಬಲವಾದ ಲೇಸರ್ ಮೊದಲು ಎಡವುವುದು ಅಲ್ಲೇ.

ಸ್ಲಿಮ್ ಆಗಿದ್ದರೆ ಡಿಸ್ಕನ್ನು ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡಿ, ಹತ್ತು ನಿಮಿಷ ಆಡಿ, ತೆಗೆದು ಮತ್ತೆ ಬೆಳಕಿಗೆ ಹಿಡಿಯಿರಿ. ಬಳೆಯಂತೆ ದುಂಡಗೆ ಹೊಸ ಗೀರು ಬಿದ್ದಿದ್ದರೆ ಲೇಸರ್‌ಗೆ ಹೋಗುವ ಚಪ್ಪಟೆ ಪಟ್ಟಿ ಕೇಬಲ್ ಮೇಲೆದ್ದು ಡಿಸ್ಕ್‌ಗೆ ತಾಗುತ್ತಿದೆ ಎಂದರ್ಥ. ಸ್ಲಿಮ್‌ಗಳಿಗೆ ಇದು ಹಳೇ ರೋಗ. ಕೇಬಲನ್ನು ಕೆಳಗೆ ಕೂರಿಸಿದರೆ ಗುಣವಾಗುತ್ತದೆ. ಆದರೆ ಅದಾಗುವ ತನಕ ಒಳ್ಳೆಯ ಡಿಸ್ಕ್ ಒಂದನ್ನೂ ಹಾಕಬೇಡಿ.

ಈಗ ಡಿಸ್ಕ್ ಇಲ್ಲದೆ ಆನ್ ಮಾಡಿ. ಬ್ರೌಸರ್, ಸಿಸ್ಟಮ್ ಕಾನ್ಫಿಗರೇಷನ್ ಎಂಬ ಎರಡು ಸಾಲು ಬಂದಾಗ ತ್ರಿಕೋನದ ಬಟನ್ ಒತ್ತಿ. ಒಳಗಿನ ಆವೃತ್ತಿಗಳ ಪಟ್ಟಿ ತೆರೆಯುತ್ತದೆ. ಅಲ್ಲಿ ಮಾಡೆಲ್ ನಂಬರ್ ಕಂಡರೆ ಸ್ಟಿಕ್ಕರ್ ಜೊತೆ ತಾಳೆ ನೋಡಿ. ಎರಡೂ ಬೇರೆಯಾದರೆ ಒಂದರ ಕವಚದೊಳಗೆ ಇನ್ನೊಂದರ ಬೋರ್ಡ್ ಕೂತಿದೆ. ಅದು ಓಡುವುದೇ ಇಲ್ಲ ಎಂದೇನಲ್ಲ, ಆದರೆ ಬೆಲೆ ಇಳಿಸಬೇಕು. ಗಡಿಯಾರವನ್ನೂ ನೋಡಿ. ಪ್ರತಿ ಸಲ ತಾರೀಕು ಕೇಳಿದರೆ ಒಳಗಿನ ಸಿಆರ್2032 ಸೆಲ್ ಮುಗಿದಿದೆ. ಅದೇನೂ ದೊಡ್ಡ ಖರ್ಚಲ್ಲ.

ತಳದ ಸ್ಕ್ರೂಗಳ ಮೇಲಿನ ಪುಟ್ಟ ಮುಚ್ಚಳಗಳು ಇವೆಯೇ? ಇಲ್ಲದಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿ ಧೂಳು ತೆಗೆದಿದ್ದರೆ ಒಳ್ಳೆಯದೇ. "ಚಿಪ್ ಹಾಕೇತಿ" ಎಂದು ಹೇಳಿದರೆ ಮಾತ್ರ ಹುಷಾರು. ಕಾಪಿ ಡಿಸ್ಕ್ ಓಡಿಸಲೆಂದು ಬೋರ್ಡ್‌ಗೆ ಕೂದಲೆಳೆಯಂಥ ವೈರುಗಳನ್ನು ಬೆಸುಗೆ ಹಾಕಿರುತ್ತಾರೆ. ಒಂದು ವೈರ್ ಬಿಟ್ಟರೂ ಸೆಟ್ ನಿಲ್ಲಬಹುದು, ರಿಪೇರಿಯವರಿಗೂ ತಲೆನೋವು. ಚಿಪ್ ಇಲ್ಲದ್ದನ್ನೇ ನಾನು ಆರಿಸುತ್ತೇನೆ.

ನಮ್ಮ ಕಡೆಯ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಳಗಾವಿಯ ಮಳೆಗಾಲದ ಥಂಡಿಯಲ್ಲಿ ಕಪಾಟಿನಲ್ಲಿ ಮುಚ್ಚಿಟ್ಟ ಸೆಟ್‌ನ ಲೆನ್ಸ್ ಮೇಲೆ ಮಸುಕು ಕೂರುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದದ್ದಾದರೆ ಧೂಳು. ದಪ್ಪ ಸೆಟ್‌ನ ಗಾಳಿ ಸಂದುಗಳಲ್ಲಿ ಕೆಂಪು, ಕಪ್ಪು ಮಣ್ಣು ಕಾಣಿಸಿದರೆ ಒಳಗೂ ಇದೆ. ಡಿಸ್ಕ್ ತಿರುಗಿ ತಿರುಗಿ ಸೋತು "ಓದಲಾಗುತ್ತಿಲ್ಲ" ಎಂಬ ಸಂದೇಶ ಬಂದ ಎಷ್ಟೋ ಸೆಟ್‌ಗಳು ಲೆನ್ಸ್ ಒರೆಸಿದ ಮೇಲೆ ಓಡಿವೆ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ತಾಗಿಸಿ ಮೆಲ್ಲಗೆ ಒರೆಸಬೇಕು. ಒತ್ತಬಾರದು, ಲೆನ್ಸ್ ಕೂತಿರುವುದು ಸೂಕ್ಷ್ಮವಾದ ಸ್ಪ್ರಿಂಗ್ ಮೇಲೆ. ಒರೆಸಿದರೂ ಆಗದಿದ್ದರೆ ಹೊಸ ಲೇಸರ್ ತರಿಸಬೇಕು. ಆಗ ಪೂರ್ತಿ ನಂಬರ್ ಕೊಡಿ. 30ರದ್ದು, 50ರದ್ದು, ಸ್ಲಿಮ್‌ನದ್ದು ಒಂದೇ ಅಲ್ಲ.

ಮೆಮೊರಿ ಕಾರ್ಡ್ 8 ಎಂಬಿಯದ್ದು ಸಾಕು. ಆಟ ಸೇವ್ ಮಾಡಿ, ಆಫ್ ಮಾಡಿ, ಮತ್ತೆ ತೆರೆದು ನೋಡಿ. ನಕಲಿ ಕಾರ್ಡ್‌ಗಳು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಕಂಟ್ರೋಲರ್‌ನ ಎಡಗಡೆಯ ಕಡ್ಡಿ ಮುಟ್ಟದೆ ಬಿಟ್ಟಾಗ ಆಟಗಾರ ತಾನಾಗಿ ನಡೆಯಬಾರದು.

ಮನೆಯ ಟಿವಿಗೆ

ಹಳದಿ, ಬಿಳಿ, ಕೆಂಪು ಪಿನ್‌ನ ವೈರ್ ಹೊಸ ಟಿವಿಗೆ ಕೂರದಿದ್ದರೆ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿ ಸಿಗುತ್ತದೆ. ಚಿತ್ರ ಸ್ವಲ್ಪ ಮಂಕು. ಟಿವಿಗೆ ಕಾಂಪೊನೆಂಟ್ ಪಿನ್‌ಗಳಿದ್ದರೆ (ಚಿತ್ರಕ್ಕೇ ಹಸಿರು, ನೀಲಿ, ಕೆಂಪು ಎಂಬ ಮೂರು ಪಿನ್) ಆ ವೈರನ್ನೇ ತನ್ನಿ, ಚಿತ್ರ ಎಷ್ಟೋ ಪಾಲು ಸ್ಪಷ್ಟ. ಪಿಎಸ್‌3ರ ಕಾಂಪೊನೆಂಟ್ ವೈರ್ ಮನೆಯಲ್ಲಿದ್ದರೆ ಅದೂ ನಡೆಯುತ್ತದೆ, ಹಿಂದಿನ ಪೋರ್ಟ್ ಒಂದೇ. ಆದರೆ ಮೊದಲು ಹಳದಿ ಪಿನ್‌ನಲ್ಲಿ ಆನ್ ಮಾಡಿ, ಸಿಸ್ಟಮ್ ಕಾನ್ಫಿಗರೇಷನ್‌ನಲ್ಲಿ ಕಾಂಪೊನೆಂಟ್ ವಿಡಿಯೊ ಔಟ್ ಎಂಬ ಸಾಲಿಗೆ ಹೋಗಿ ಆರ್‌ಜಿಬಿಯಿಂದ ವೈ ಎಂದು ಶುರುವಾಗುವ ಆಯ್ಕೆಗೆ ಬದಲಿಸಿ. ಆಮೇಲೆ ವೈರ್ ಬದಲಿಸಿ. ಇದನ್ನು ಮಾಡದಿದ್ದರೆ ಪರದೆಯ ಬಣ್ಣವೆಲ್ಲ ಕೆಟ್ಟು ಕಾಣುತ್ತದೆ. ಆಗ ಸೆಟ್ ಕೆಟ್ಟಿತೆಂದು ಅಂಗಡಿಗೆ ಓಡಬೇಡಿ, ಹಳದಿ ಪಿನ್‌ಗೆ ವಾಪಸ್ ಬಂದು ಆ ಸಾಲು ಸರಿಮಾಡಿ.