ಪುಟಕ್ಕೆ ರೂಪ ಕೊಡುವ ಎಚ್‌ಟಿಎಂಎಲ್ ಟ್ಯಾಗ್‌ಗಳು

ನೋಟ್‌ಪ್ಯಾಡ್‌ನಲ್ಲಿ ನಾಲ್ಕು ಸಾಲು ಬರೆಯಿರಿ. ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತಿ. ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಫೈಲಾಗಿ ಸೇವ್ ಮಾಡಿ ಬ್ರೌಸರ್‌ನಲ್ಲಿ ತೆರೆಯಿರಿ. ನಾಲ್ಕೂ ಸಾಲು ಅಂಟಿಕೊಂಡು ಒಂದೇ ಮುದ್ದೆಯಾಗಿರುತ್ತವೆ. ಎಂಟರ್ ಒತ್ತಿದರೂ, ಹತ್ತು ಸ್ಪೇಸ್ ಬಿಟ್ಟರೂ ಬ್ರೌಸರ್ ಅದನ್ನು ಒಂದೇ ಸ್ಪೇಸ್ ಅಂತ ತೋರಿಸುತ್ತದೆ. ಯಾವುದು ಪ್ಯಾರಾ, ಯಾವುದು ತಲೆಬರಹ ಅಂತ ನಾವೇ ಟ್ಯಾಗ್ ಹಾಕಿ ಹೇಳಬೇಕು. ಟ್ಯಾಗ್ ಅಂದರೆ < > ಗುರುತುಗಳ ನಡುವೆ ಇಂಗ್ಲಿಷ್‌ನಲ್ಲಿ ಬರೆಯುವ ಪುಟ್ಟ ಸೂಚನೆ.

ಮೊದಲು ಪ್ಯಾರಾ. ಶುರುವಿನಲ್ಲಿ ಪಿ ಟ್ಯಾಗ್ (<p>), ಕೊನೆಯಲ್ಲಿ ಸ್ಲ್ಯಾಶ್ ಸೇರಿಸಿದ ಅದೇ ಟ್ಯಾಗ್ (</p>). ಸಾಲು ಮುರಿಯಲು ಬಿಆರ್ ಇದೆ. ಅದನ್ನು ಸ್ಲ್ಯಾಶ್ ಟ್ಯಾಗ್ ಹಾಕಿ ಮುಚ್ಚುವ ಹಾಗಿಲ್ಲ. ಪದ್ಯಕ್ಕೆ, ವಿಳಾಸಕ್ಕೆ ಅದು ಸರಿ. ಜಾಗ ಬಿಡಲು ಸುಮ್ನೆ ನಾಲ್ಕೈದು ಬಿಆರ್ ಹಾಕಬೇಡಿ.

ಇನ್ನು ತಲೆಬರಹ. ಎಚ್1ರಿಂದ ಎಚ್6ರವರೆಗೆ ಆರು ಹಂತಗಳಿವೆ. ಜಾಸ್ತಿ ಜನ ಎಡವುವುದು ಇಲ್ಲೇ. ಎಚ್1 ತುಂಬಾ ದೊಡ್ಡದಾಗಿ ಕಾಣುತ್ತದೆ ಅಂತ ನೇರ ಎಚ್4 ಹಾಕುತ್ತಾರೆ, ಇಲ್ಲವೇ ಪ್ಯಾರಾವನ್ನೇ ದಪ್ಪಕ್ಷರ ಮಾಡಿ ತಲೆಬರಹ ಅನ್ನುತ್ತಾರೆ. ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅಲ್ವಾ? ಆದರೆ ಕಣ್ಣು ಕಾಣದವರು ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್‌ನಲ್ಲಿ (ಪರದೆಯ ಮೇಲಿನದನ್ನು ಓದಿ ಹೇಳುವ ಸಾಫ್ಟ್‌ವೇರ್) ಎಚ್ ಕೀ ಒತ್ತುತ್ತಾ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹೋಗುತ್ತಾರೆ. ನಿಮ್ಮ ದಪ್ಪಕ್ಷರದ ಸಾಲು ಅವರಿಗೆ ಸಿಗುವುದೇ ಇಲ್ಲ. ಪುಟದ ಹೆಸರಿಗೆ ಎಚ್1, ಅದರ ಭಾಗಗಳಿಗೆ ಎಚ್2, ಅದರೊಳಗಿನ ಭಾಗಕ್ಕೆ ಎಚ್3 ಹಾಕಿ. ಗಾತ್ರ ಬದಲಿಸುವ ಕೆಲಸವನ್ನು ಸಿಎಸ್‌ಎಸ್‌ಗೆ (ಪುಟದ ಬಣ್ಣ, ಗಾತ್ರ ಹೇಳುವ ಇನ್ನೊಂದು ಭಾಷೆ) ಬಿಡಿ.

ಸ್ಟ್ರಾಂಗ್ ಹಾಕಿದರೂ ಬಿ ಹಾಕಿದರೂ ಅಕ್ಷರ ದಪ್ಪವಾಗುತ್ತದೆ. 'ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಡಿ' ಎಂಬಂಥ ಮುಖ್ಯ ಮಾತಿಗೆ ಸ್ಟ್ರಾಂಗ್ ಬೇಕು. ಸುಮ್ಮನೆ ಕಣ್ಣಿಗೆ ಬೀಳಲಿ ಅಂತಿದ್ದರೆ ಬಿ ಸಾಕು. ಒತ್ತಿ ಹೇಳುವ ಪದಕ್ಕೆ ಇಎಂ ಇದೆ. ಅದು ಅಕ್ಷರವನ್ನು ಓರೆ ಮಾಡುತ್ತದೆ. ಕನ್ನಡದ ಒತ್ತಕ್ಷರಗಳು ಓರೆಯಾದರೆ ಓದಲು ಕಷ್ಟ, ಹಾಗಾಗಿ ಇಎಂ ಇಟ್ಟುಕೊಂಡೇ ಸಿಎಸ್‌ಎಸ್‌ನಲ್ಲಿ ಓರೆ ತೆಗೆದು ಬಣ್ಣ ಕೊಡುವುದು ನನಗೆ ಇಷ್ಟ.

ಪಟ್ಟಿಯಲ್ಲಿ ಕ್ರಮ ಮುಖ್ಯವಾದರೆ ಓಎಲ್, ಇಲ್ಲದಿದ್ದರೆ ಯುಎಲ್. ಒಳಗಿನ ಪ್ರತಿ ಅಂಶಕ್ಕೂ ಎಲ್‌ಐ. ಲಿಂಕ್‌ಗೆ ಎ ಟ್ಯಾಗ್. 'ಇಲ್ಲಿ ಕ್ಲಿಕ್ ಮಾಡಿ' ಅಂತ ಬರೆಯುವ ಬದಲು ಎಲ್ಲಿಗೆ ಹೋಗುತ್ತದೆ ಅಂತ ಬರೆಯಿರಿ. ಹಳೇ ಪಾಠಗಳಲ್ಲಿ ಫಾಂಟ್, ಸೆಂಟರ್ ಟ್ಯಾಗ್ ಕಾಣಿಸಿದರೆ ಬಿಟ್ಟುಬಿಡಿ. 2014ರ ಎಚ್‌ಟಿಎಂಎಲ್5ರಲ್ಲಿ ಅವಕ್ಕೆ ಜಾಗವಿಲ್ಲ.

ಈಗ ಪುಟ ತೆರೆದು ನೋಡಿ. ಅರ್ಧದಿಂದ ಕೆಳಗೆ ಎಲ್ಲವೂ ದಪ್ಪಕ್ಷರದಲ್ಲಿದೆಯಾ? ಎಲ್ಲೋ ಒಂದು ಸ್ಟ್ರಾಂಗ್ ಮುಚ್ಚಿಲ್ಲ. ದಪ್ಪ ಶುರುವಾದ ಪದದ ಹತ್ತಿರವೇ ಹುಡುಕಿ.